ರಕ್ತದ ನಿಧಾನದ ಕ್ಯಾನ್ಸರ್: ಪ್ರಾಯ ನೋಡಿ ಮದ್ದು ಬಿಡಬೇಕೇ?



ಮನೆಭೇಟಿಗೆ ಹೋದಾಗ ಒಂದು ಮನೆಯ ಅಂಗಳದಲ್ಲಿ ನಮಗೆ ಎದುರಾದ ಪ್ರಶ್ನೆಯಿಂದಲೇ ಈ ಲೇಖನವನ್ನು ಆರಂಭಿಸುತ್ತೇವೆ. ಆ ಮನೆಯ ಹಿರಿಯರಿಗೆ 72 ವರ್ಷ. ಅಡಿಕೆ ತೋಟವನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದವರು. ಕೆಲವು ತಿಂಗಳಿಂದ ಸುಸ್ತು, ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದಂತೆ, ಎಡಪಕ್ಕೆಯ ಕೆಳಗೆ ಏನೋ ಭಾರ. ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು. ಲ್ಯುಕೇಮಿಯಾ ಎಂದು ವೈದ್ಯರು ತಿಳಿಸಿದರು. ಮಗ ನಮ್ಮನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಸ್ವರ ತಗ್ಗಿಸಿ ಕೇಳಿದ: "ಫಾದರ್, ಅಪ್ಪನಿಗೆ ಪ್ರಾಯ ಆಯಿತಲ್ಲ. ಇನ್ನು ಮದ್ದು ಮಾಡಿಸಿ ಪ್ರಯೋಜನ ಉಂಟಾ? ಸುಮ್ಮನೆ ಅವರಿಗೆ ಕಷ್ಟ ಕೊಟ್ಟ ಹಾಗೆ ಆಗುವುದಿಲ್ಲವಾ?"

ಅದೇ ವರ್ಷ ಇನ್ನೊಂದು ಮನೆಯಲ್ಲಿ 29 ವರ್ಷದ ಯುವಕನನ್ನು ಕಂಡೆವು. ಅವನಿಗೂ ಅದೇ ರೋಗ. ಹತ್ತು ತಿಂಗಳು ಮಾತ್ರೆ ತಿಂದು, ಮೈ ಚೆನ್ನಾಗಿದೆ ಎಂದು ಕಂಡ ಕೂಡಲೇ ನಿಲ್ಲಿಸಿಬಿಟ್ಟಿದ್ದ. "ನನಗೇನು ಮುದಿಪ್ರಾಯವಾ ಫಾದರ್, ದಿನಾ ಮಾತ್ರೆ ತಿನ್ನಲಿಕ್ಕೆ?" ಎಂದು ನಕ್ಕಿದ್ದ.

ಒಂದು ಮನೆಯವರಿಗೆ ಪ್ರಾಯವೇ ಶತ್ರುವಾಗಿ ಕಂಡಿತು, ಇನ್ನೊಂದು ಮನೆಯವನಿಗೆ ಪ್ರಾಯವೇ ರಕ್ಷಣೆಯಾಗಿ ಕಂಡಿತು. ಈ ರೋಗದ ಮಟ್ಟಿಗೆ ಎರಡೂ ತಪ್ಪು ತಿಳುವಳಿಕೆ. ಏಕೆ ತಪ್ಪು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಇದು ಯಾವ ರೋಗ?

ನಮ್ಮ ರಕ್ತಕಣಗಳು ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4 ಸಾವಿರದಿಂದ 11 ಸಾವಿರ ಬಿಳಿ ಕಣಗಳಿರುತ್ತವೆ. ಇವು ಹತೋಟಿ ಮೀರಿ ಬೆಳೆಯುವುದೇ ಲ್ಯುಕೇಮಿಯಾ. ಕೆಲವೇ ವಾರಗಳಲ್ಲಿ ಜೀವಕ್ಕೆ ಅಪಾಯ ತರುವುದು ತೀವ್ರ ಬಗೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲನೆ ಬೆಳೆಯುವುದು ನಿಧಾನದ ಬಗೆ. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು. ಇದರಲ್ಲಿಯೂ ಮುಖ್ಯವಾಗಿ ಎರಡು ವಿಧ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಚುಟುಕಾಗಿ ಸಿ.ಎಂ.ಎಲ್. ಎನ್ನುತ್ತಾರೆ. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾಕ್ಕೆ ಸಿ.ಎಲ್.ಎಲ್. ಎನ್ನುತ್ತಾರೆ.

ಸಿ.ಎಂ.ಎಲ್. ರೋಗದ ಮೂಲ ಸ್ಪಷ್ಟವಾಗಿ ತಿಳಿದಿದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬವರು ಈ ರೋಗಿಗಳ ರಕ್ತಕಣಗಳಲ್ಲಿ ವಿಚಿತ್ರವಾದ ಒಂದು ಚಿಕ್ಕ ಕ್ರೋಮೋಸೋಮನ್ನು ಕಂಡುಹಿಡಿದರು. 1973ರಲ್ಲಿ ಜಾನೆಟ್ ರೌಲಿ ಎಂಬ ವೈದ್ಯೆ ಅದರ ಗುಟ್ಟನ್ನು ಬಿಡಿಸಿದರು. 9ನೆಯ ಮತ್ತು 22ನೆಯ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಎರಡು ಜೀನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ಜೋಡಿ ಜೀನು "ಬೆಳೆ, ಬೆಳೆ" ಎಂದು ಕಣಗಳಿಗೆ ಬಿಡುವಿಲ್ಲದೆ ಆಜ್ಞೆ ಕೊಡುತ್ತಿರುತ್ತದೆ.

ಈ ಬದಲಾವಣೆ ಹುಟ್ಟಿನಿಂದ ಬರುವುದಲ್ಲ, ಜೀವಮಾನದ ನಡುವೆ ಮಜ್ಜೆಯ ಒಂದು ಕಣದಲ್ಲಿ ಆಗುವಂಥದ್ದು. ಆದ್ದರಿಂದ ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ. ಮುಟ್ಟಿದರೆ, ಒಂದೇ ಬಟ್ಟಲಲ್ಲಿ ಉಂಡರೆ ಹರಡುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಇಂಥ ಮನೆಗಳನ್ನು ದೂರ ಇಡುವವರು ಇದನ್ನು ಗಮನಿಸಬೇಕು.

"ತೋಟಕ್ಕೆ ಮದ್ದು ಬಿಟ್ಟದ್ದರಿಂದ ಬಂತೋ?" ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಸಿ.ಎಂ.ಎಲ್. ರೋಗಕ್ಕೆ ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ ಹೆಚ್ಚು ಪ್ರಮಾಣದ ವಿಕಿರಣ. ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಬದುಕುಳಿದವರ ಅಧ್ಯಯನದಿಂದ ಇದು ತಿಳಿದುಬಂತು. ಹೆಚ್ಚಿನ ರೋಗಿಗಳಲ್ಲಿ ಯಾವ ಕಾರಣವೂ ಕಾಣಿಸುವುದಿಲ್ಲ. ಸಿ.ಎಲ್.ಎಲ್. ಮಾತ್ರ ಕೃಷಿಕರಲ್ಲಿ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಯಾರೊಬ್ಬರಿಗೆ ಇದರಿಂದಲೇ ಬಂತು ಎಂದು ಬೆರಳು ತೋರಿಸಲಾಗದು. ಆದರೂ ಮದ್ದು ಬಿಡುವಾಗ ಕೈಗವಸು, ಮುಖವಾಡ ಬಿಡಬಾರದು.

ಪ್ರಾಯವೇ ತೀರ್ಪು ಕೊಡುತ್ತಿದ್ದ ಕಾಲ

ಪ್ರಾಯದ ಬಗೆಗಿನ ಭಯ ಎಲ್ಲಿಂದ ಬಂತು? ಅದಕ್ಕೆ ಆಧಾರ ಇರಲಿಲ್ಲವೆಂದಲ್ಲ. 2001ಕ್ಕಿಂತ ಮೊದಲು ಸಿ.ಎಂ.ಎಲ್. ರೋಗಕ್ಕೆ ಇದ್ದದ್ದು ಬುಸಲ್ಫಾನ್, ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಗಳು. ಇವು ಕಣಗಳ ಸಂಖ್ಯೆಯನ್ನು ಇಳಿಸುತ್ತಿದ್ದವೇ ಹೊರತು ರೋಗದ ಬೇರನ್ನು ಮುಟ್ಟುತ್ತಿರಲಿಲ್ಲ. ಹೆಚ್ಚಿನವರಲ್ಲಿ ನಾಲ್ಕೈದು ವರ್ಷಗಳಲ್ಲಿ ರೋಗ ತೀವ್ರ ಸ್ವರೂಪಕ್ಕೆ ತಿರುಗುತ್ತಿತ್ತು. ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಬಂದಾಗ ಸ್ವಲ್ಪ ಸುಧಾರಣೆಯಾಯಿತು. ಆದರೆ ಅದರ ಜ್ವರ, ಮೈನೋವು, ಮನಸ್ಸಿನ ಕುಗ್ಗುವಿಕೆಯನ್ನು ಪ್ರಾಯದವರು ತಾಳುವುದು ಕಷ್ಟವಾಗಿತ್ತು.

ಬೇರುಸಹಿತ ಗುಣಪಡಿಸುವ ಒಂದೇ ದಾರಿ ಮಜ್ಜೆಯ ಕಸಿ. ಅದಕ್ಕೆ ಹೊಂದುವ ಒಡಹುಟ್ಟಿದವರು ಬೇಕು, ಖರ್ಚು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ದೇಹಕ್ಕೆ ಶಕ್ತಿ ಬೇಕು. ಐವತ್ತು ದಾಟಿದವರಿಗೆ ಹೆಚ್ಚಾಗಿ ಆ ಬಾಗಿಲು ಮುಚ್ಚಿಯೇ ಇತ್ತು.

1984ರಲ್ಲಿ ಸೋಕಲ್ ಎಂಬ ವೈದ್ಯರು ಮತ್ತು ಜೊತೆಗಾರರು ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜು ಮಾಡಲು ಒಂದು ಲೆಕ್ಕವನ್ನು ರೂಪಿಸಿದರು. ಅದರಲ್ಲಿ ನಾಲ್ಕು ಅಂಶಗಳಿವೆ: ಪ್ರಾಯ, ಪಕ್ಕೆಲುಬಿನ ಕೆಳಗೆ ಗುಲ್ಮ ಎಷ್ಟು ಊದಿದೆ ಎಂಬುದು, ಪ್ಲೇಟ್‌ಲೆಟ್ ಸಂಖ್ಯೆ, ರಕ್ತದಲ್ಲಿ ಬಲಿಯದ ಕಣಗಳ ಪ್ರಮಾಣ. ಇಲ್ಲಿ ಪ್ರಾಯಕ್ಕೆ ಅಧಿಕೃತ ಸ್ಥಾನ ಸಿಕ್ಕಿತು. ಆದರೆ ಆ ಲೆಕ್ಕ ಹಳೆಯ ಮದ್ದುಗಳ ಕಾಲದ ರೋಗಿಗಳದ್ದು.

2001ರ ನಂತರ ಏನು ಬದಲಾಯಿತು?

2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಮಾಟಿನಿಬ್ ಎಂಬ ಮಾತ್ರೆಗೆ ಅನುಮತಿ ದೊರೆಯಿತು. ಆ ಜೋಡಿ ಜೀನು ಕೊಡುವ ಆಜ್ಞೆಯನ್ನೇ ಇದು ತಡೆಯುತ್ತದೆ. ಸಾಮಾನ್ಯವಾಗಿ ದಿನಕ್ಕೊಮ್ಮೆ 400 ಮಿಲಿಗ್ರಾಂ, ಊಟದೊಂದಿಗೆ, ದೊಡ್ಡ ಲೋಟ ನೀರಿನಲ್ಲಿ. ಮೊದಲ ದೊಡ್ಡ ಪ್ರಯೋಗದಲ್ಲಿ ಈ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿದವರ ಹತ್ತು ವರ್ಷಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 83 ಮಂದಿ ಬದುಕಿದ್ದರು. ನಾಲ್ಕೈದು ವರ್ಷದ ರೋಗ ಎಂದು ಹೇಳುತ್ತಿದ್ದುದು ಹೀಗೆ ಬದಲಾಯಿತು.

ಈಗ ಪ್ರಾಯದ ಪ್ರಶ್ನೆಗೆ ಬರೋಣ. ಸ್ವೀಡನ್ ದೇಶದಲ್ಲಿ 1973ರಿಂದ 2013ರವರೆಗಿನ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿಂದಿನ ಕಾಲದ ರೋಗಿಗಳು ಈ ರೋಗದಿಂದ ತಮ್ಮ ಆಯುಸ್ಸಿನ ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತಿದ್ದರು. ಇತ್ತೀಚಿನವರಲ್ಲಿ ಎಲ್ಲ ಪ್ರಾಯದವರೂ ಸರಾಸರಿ ಕಳೆದುಕೊಳ್ಳುವುದು ಮೂರು ವರ್ಷಕ್ಕಿಂತ ಕಡಿಮೆ.

ಜರ್ಮನಿಯ ಒಂದು ದೊಡ್ಡ ಅಧ್ಯಯನದಲ್ಲಿ 65 ದಾಟಿದವರಿಗೂ ಕಿರಿಯರಿಗೂ ಮಾತ್ರೆಯ ಪರಿಣಾಮವನ್ನು ಹೋಲಿಸಿ ನೋಡಿದರು. ಸಾಮಾನ್ಯ ಪ್ರಮಾಣದ ಮಾತ್ರೆಯಲ್ಲಿ ಹಿರಿಯರಿಗೆ ರೋಗ ಹತೋಟಿಗೆ ಬರುವುದು ತಡವಾಯಿತು, ಆದರೆ ಹೆಚ್ಚಿನ ಪ್ರಮಾಣ ಕೊಟ್ಟಾಗ ಅವರು ಹಿಂದೆ ಬೀಳಲಿಲ್ಲ. ಅದೇ ಅಧ್ಯಯನದ ಸುಮಾರು 1500 ರೋಗಿಗಳ ಬಗ್ಗೆ 2015ರಲ್ಲಿ ಇನ್ನೊಂದು ಮುಖ್ಯ ವಿಷಯ ತಿಳಿದುಬಂತು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮುಂತಾದ ಬೇರೆ ರೋಗಗಳಿದ್ದವರಲ್ಲೂ ಮಾತ್ರೆ ಲ್ಯುಕೇಮಿಯಾವನ್ನು ಅಷ್ಟೇ ಚೆನ್ನಾಗಿ ತಡೆದಿತ್ತು. ಆದರೆ ಅವರ ಒಟ್ಟು ಆಯುಸ್ಸು ಕಡಿಮೆಯಾಗಿತ್ತು. ಅದಕ್ಕೆ ಕಾರಣ ಆ ಬೇರೆ ರೋಗಗಳು.

ಇದರ ಅರ್ಥ ಇಷ್ಟೆ. ಹಿರಿಯರು ಕಿರಿಯರಿಗಿಂತ ಮೊದಲು ತೀರಿಕೊಳ್ಳುತ್ತಾರೆ ಎಂಬುದು ಯಾವ ಊರಿನಲ್ಲೂ ಸತ್ಯ. ಅದನ್ನೇ ಲ್ಯುಕೇಮಿಯಾದ ಲೆಕ್ಕಕ್ಕೆ ಬರೆದು, ಮದ್ದು ಪ್ರಾಯದವರಿಗೆ ಹಿಡಿಯುವುದಿಲ್ಲ ಎನ್ನುವುದು ತಪ್ಪು. ಈ ವ್ಯತ್ಯಾಸವನ್ನು ಗಮನಿಸಿಯೇ 2016ರಲ್ಲಿ ಯುರೋಪಿನ ವೈದ್ಯರು ಲ್ಯುಕೇಮಿಯಾದಿಂದಲೇ ಆಗುವ ಸಾವನ್ನು ಬೇರ್ಪಡಿಸಿ ಹೊಸ ಲೆಕ್ಕ ಮಾಡಿದರು. ಅದರಲ್ಲಿ ಪ್ರಾಯಕ್ಕೆ ಸ್ಥಾನ ಉಳಿದಿದೆ, ಹಳೆಯ ತೂಕ ಉಳಿದಿಲ್ಲ.

ಹಿರಿಯರ ವಿಷಯದಲ್ಲಿ ಗಮನಿಸಬೇಕಾದುದು

ಹಾಗೆಂದು ಹಿರಿಯರ ಚಿಕಿತ್ಸೆ ಸಲೀಸು ಎಂದು ನಾವು ಹೇಳುವುದಿಲ್ಲ. ಮಾತ್ರೆಯಿಂದ ಕಣ್ಣಿನ ಸುತ್ತ, ಕಾಲಿನಲ್ಲಿ ನೀರು ತುಂಬಿದಂತೆ ಊತ ಬರಬಹುದು. ಮೀನಖಂಡ ಹಿಡಿದುಕೊಳ್ಳಬಹುದು. ವಾಕರಿಕೆ, ಭೇದಿ, ರಕ್ತಹೀನತೆ ಆಗಬಹುದು. ಪ್ರಾಯವಾದವರಲ್ಲಿ ಊತ ಮತ್ತು ರಕ್ತಹೀನತೆ ಹೆಚ್ಚು. ಇಂಥ ಸಮಯ ಮನೆಯವರು ಮಾತ್ರೆಯನ್ನು ತಾವಾಗಿ ಅರ್ಧ ಮಾಡುವುದುಂಟು. ಹಾಗೆ ಮಾಡಬಾರದು. ಪ್ರಮಾಣವನ್ನು ಹೊಂದಿಸುವುದು, ಬೇರೆ ಮಾತ್ರೆಗೆ ಬದಲಾಯಿಸುವುದು ವೈದ್ಯರ ಕೆಲಸ.

ಇಮಾಟಿನಿಬ್ ಹಿಡಿಸದವರಿಗೆ ಡಾಸಟಿನಿಬ್, ನಿಲೋಟಿನಿಬ್ ಎಂಬ ಮಾತ್ರೆಗಳಿವೆ. ಇವುಗಳನ್ನು ಆರಿಸುವಾಗ ಪ್ರಾಯ ನಿಜವಾಗಿಯೂ ಮುಖ್ಯವಾಗುತ್ತದೆ. ಡಾಸಟಿನಿಬ್‌ನಿಂದ ಶ್ವಾಸಕೋಶದ ಸುತ್ತ ನೀರು ಸೇರುವುದು ಹಿರಿಯರಲ್ಲಿ ಹೆಚ್ಚು. ನಿಲೋಟಿನಿಬ್‌ನಿಂದ ರಕ್ತನಾಳಗಳು ಕಟ್ಟುವ, ಸಕ್ಕರೆ ಅಂಶ ಏರುವ ಸಂಭವವಿದೆ. ಆದುದರಿಂದ ಹೃದಯ, ಬಿ.ಪಿ., ಸಕ್ಕರೆ ಕಾಯಿಲೆಗಳ ಹಳೆಯ ಚೀಟಿಗಳನ್ನೆಲ್ಲ ವೈದ್ಯರಿಗೆ ತೋರಿಸಬೇಕು. ದಿನವೂ ತಿನ್ನುವ ಗ್ಯಾಸ್ ಮಾತ್ರೆಯ ಬಗ್ಗೆಯೂ ಹೇಳಬೇಕು. ಅದು ಡಾಸಟಿನಿಬ್ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ನಾಟಿ ಕಷಾಯ, ಲೇಹ್ಯ ಏನು ಸೇವಿಸಿದರೂ ಮುಚ್ಚಿಡದೆ ತಿಳಿಸಿ.

ಕಿರಿಯರ ವಿಷಯದಲ್ಲಿ ಅಪಾಯ ಎಲ್ಲಿದೆ?

ಪಶ್ಚಿಮದ ದೇಶಗಳಲ್ಲಿ ಸಿ.ಎಂ.ಎಲ್. ಪತ್ತೆಯಾಗುವುದು ಹೆಚ್ಚಾಗಿ 60ರ ಆಸುಪಾಸಿನಲ್ಲಿ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಅದು 40ರ ಆಸುಪಾಸು, ಕೆಲವೆಡೆ ಅದಕ್ಕೂ ಕಡಿಮೆ. ನಮ್ಮ ಜನಸಂಖ್ಯೆಯಲ್ಲಿ ಕಿರಿಯರೇ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣ. ಅಂದರೆ ನಮ್ಮಲ್ಲಿ ಇದು ದುಡಿಯುವ ಪ್ರಾಯದವರ, ಸಣ್ಣ ಮಕ್ಕಳಿರುವವರ ರೋಗ.

ಹರೆಯದವರಲ್ಲಿ ರೋಗ ಪತ್ತೆಯಾಗುವಾಗ ಗುಲ್ಮ ಹೆಚ್ಚು ಊದಿರುತ್ತದೆ, ರೋಗಲಕ್ಷಣಗಳೂ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಇದಕ್ಕಿಂತ ದೊಡ್ಡ ಅಪಾಯ ಮಾತ್ರೆ ತಪ್ಪಿಸುವುದು. 2010ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಮುಚ್ಚಳ ತೆರೆದಾಗಲೆಲ್ಲ ಲೆಕ್ಕ ಇಡುವ ಬಾಟ್ಲಿಗಳಲ್ಲಿ 87 ರೋಗಿಗಳಿಗೆ ಮಾತ್ರೆ ಕೊಟ್ಟರು. ನೂರು ಮಾತ್ರೆಯಲ್ಲಿ 90ಕ್ಕಿಂತ ಹೆಚ್ಚು ತಿಂದವರಲ್ಲಿ ಸುಮಾರು ಶೇಕಡಾ 94 ಮಂದಿಗೆ ಆರು ವರ್ಷಗಳಲ್ಲಿ ರೋಗ ಆಳವಾಗಿ ಹತೋಟಿಗೆ ಬರುವ ಸಂಭವ ಕಂಡಿತು. 90 ಅಥವಾ ಅದಕ್ಕಿಂತ ಕಡಿಮೆ ತಿಂದವರಲ್ಲಿ ಅದು ಶೇಕಡಾ 28 ಮಾತ್ರ. ತಿಂಗಳಿಗೆ ಮೂರು ದಿನ ತಪ್ಪಿಸಿದರೆ 90ಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ಹಾಗೆ ತಪ್ಪಿಸಿದವರು ಸರಾಸರಿಯಲ್ಲಿ ಕಿರಿಯ ಪ್ರಾಯದವರಾಗಿದ್ದರು.

ಅಡಿಕೆ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆಗಾಲದ ಮೊದಲು ಒಮ್ಮೆ ಬೋರ್ಡೋ ದ್ರಾವಣ ಬಿಟ್ಟು, ಮತ್ತೆ 40-45 ದಿನಕ್ಕೆ ಎರಡನೆಯ ಸಲ ಬಿಡುತ್ತೇವೆ. ಗೊನೆ ಚೆನ್ನಾಗಿ ಕಾಣುತ್ತದೆ ಎಂದು ಎರಡನೆಯದನ್ನು ಬಿಟ್ಟರೆ ಕೊಳೆರೋಗ ನುಗ್ಗುತ್ತದೆ. ಎಳೆಯ ಮರ ಎಂದು ಅದು ದಯೆ ತೋರಿಸುವುದಿಲ್ಲ.

ಕಿರಿಯರಿಗೆ ಮಾತ್ರ ಸಂಬಂಧಿಸಿದ ಇನ್ನೂ ಕೆಲವು ವಿಷಯಗಳಿವೆ. ಬೆಳೆಯುವ ಮಕ್ಕಳಲ್ಲಿ ಮಾತ್ರೆಯಿಂದ ಎತ್ತರ ಬೆಳೆಯುವುದು ಕುಂಠಿತವಾಗಬಹುದು, ಹಾಗಾಗಿ ಅಳತೆ ನೋಡುತ್ತಿರಬೇಕು. ಗರ್ಭಿಣಿಯರು ಈ ಮಾತ್ರೆ ತಿಂದರೆ ಶಿಶುವಿಗೆ ಹಾನಿಯಾಗುವ ಸಂಭವವಿದೆ. ಮಗುವನ್ನು ಬಯಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರೊಂದಿಗೆ ಮಾತಾಡಬೇಕು. ಗಲ್ಫಿಗೆ ಕೆಲಸಕ್ಕೆ ಹೋಗುವವರು ಮಾತ್ರೆ ಮತ್ತು ವೈದ್ಯರ ಚೀಟಿ ಜೊತೆಗಿಟ್ಟುಕೊಂಡು, ಅಲ್ಲಿ ಪರೀಕ್ಷೆ ಎಲ್ಲಿ ಮಾಡಿಸುವುದೆಂದು ತಿಳಿದೇ ಹೊರಡಬೇಕು.

ಮಾತ್ರೆಯನ್ನು ಎಂದೂ ನಿಲ್ಲಿಸಲಾಗದೇ? ಕೆಲವರಿಗೆ ಸಾಧ್ಯ. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಎರಡು ವರ್ಷ ಸತತವಾಗಿ ಪರೀಕ್ಷೆಯಲ್ಲಿ ರೋಗದ ಗುರುತೇ ಸಿಗದವರಿಗೆ ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿದರು. ಹತ್ತರಲ್ಲಿ ಸುಮಾರು ನಾಲ್ವರಲ್ಲಿ ರೋಗ ಮರಳಲಿಲ್ಲ. ಉಳಿದವರು ಕೂಡಲೇ ಮಾತ್ರೆ ಮತ್ತೆ ಆರಂಭಿಸಬೇಕಾಯಿತು. ಇದು ವರ್ಷಗಟ್ಟಲೆ ತಪ್ಪದೆ ಮಾತ್ರೆ ತಿಂದವರಿಗೆ ಸಿಗುವ ಅವಕಾಶ, ಹತ್ತು ತಿಂಗಳಲ್ಲಿ ತಾವಾಗಿ ಬಿಟ್ಟವರಿಗಲ್ಲ.

ಸಿ.ಎಲ್.ಎಲ್.: ಕಾಯುವುದೂ ಒಂದು ಚಿಕಿತ್ಸೆ

ಸಿ.ಎಲ್.ಎಲ್. ಮುಖ್ಯವಾಗಿ ಹಿರಿಯರ ರೋಗ. ಪಶ್ಚಿಮದ ದೇಶಗಳಲ್ಲಿ ಪತ್ತೆಯಾಗುವ ಪ್ರಾಯ ಸುಮಾರು 70. ನಮ್ಮ ದೇಶದಲ್ಲಿ ಇದು ಅಲ್ಲಿಗಿಂತ ವಿರಳ. ಕುತ್ತಿಗೆಯಲ್ಲಿ, ಕಂಕುಳಲ್ಲಿ ನೋವಿಲ್ಲದ ಗಂಟು, ಪದೇಪದೇ ಸೋಂಕು ಇದರ ಲಕ್ಷಣ. ಈ ರೋಗದ ಹಂತಗಳನ್ನು ಗುರುತಿಸುವ ಕ್ರಮವನ್ನು 1975ರಲ್ಲಿ ರೂಪಿಸಿದವರು ಜೋಧಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಕಾಂತಿ ರಾಯ್.

"ಕ್ಯಾನ್ಸರ್ ಎಂದು ಹೇಳಿದರು, ಮದ್ದೇ ಕೊಡದೆ ಕಳಿಸಿದರು. ಪ್ರಾಯ ಆದವರು ಅಂತ ಕೈಬಿಟ್ಟರು" ಎಂದು ದೂರುವವರಿದ್ದಾರೆ. ಹಾಗಲ್ಲ. ಆರಂಭದ ಹಂತದಲ್ಲಿ ಬೇಗ ಮದ್ದು ಕೊಟ್ಟರೆ ಆಯುಸ್ಸು ಹೆಚ್ಚುವುದಿಲ್ಲ ಎಂದು ಹಿಂದಿನ ಪ್ರಯೋಗಗಳಿಂದಲೇ ತಿಳಿದಿದೆ. ಸುಮಾರು ಮೂರರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಚಿಕಿತ್ಸೆಯೇ ಬೇಕಾಗುವುದಿಲ್ಲ. ಹೇಳಿದ ದಿನ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು, ಅಷ್ಟೆ. 30ರ ಪ್ರಾಯದವರಿಗೂ 80ರ ಪ್ರಾಯದವರಿಗೂ ಇದೇ ನಿಯಮ.

ಚಿಕಿತ್ಸೆ ಬೇಕಾದಾಗ ಹಿಂದೆ ಪ್ರಾಯಕ್ಕೆ ಬಹಳ ಬೆಲೆಯಿತ್ತು. ಗಟ್ಟಿಮುಟ್ಟಾದವರಿಗೆ ಮೂರು ಮದ್ದುಗಳ ಬಲವಾದ ಕೀಮೋ, ಪ್ರಾಯದವರಿಗೆ ಕ್ಲೋರಾಂಬ್ಯುಸಿಲ್ ಎಂಬ ಸೌಮ್ಯ ಮಾತ್ರೆ. ಆಗಲೂ ಜರ್ಮನಿಯ ವೈದ್ಯರು ಜನ್ಮದಿನಾಂಕವನ್ನು ಮಾತ್ರ ನೋಡಲಿಲ್ಲ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತದೆ, ಬೇರೆ ಕಾಯಿಲೆಗಳು ಎಷ್ಟಿವೆ ಎಂದು ಅಳೆದು ತೀರ್ಮಾನಿಸುತ್ತಿದ್ದರು. 2015ರಲ್ಲಿ 65 ದಾಟಿದ 269 ರೋಗಿಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಇಬ್ರುಟಿನಿಬ್ ಎಂಬ ಹೊಸ ಮಾತ್ರೆ ತಿಂದವರಲ್ಲಿ ಎರಡು ವರ್ಷದ ಬಳಿಕ ಶೇಕಡಾ 98 ಮಂದಿ, ಹಳೆಯ ಮಾತ್ರೆ ತಿಂದವರಲ್ಲಿ ಶೇಕಡಾ 85 ಮಂದಿ ಬದುಕಿದ್ದರು. ಪ್ರಾಯದವರಿಗೆ ಸೌಮ್ಯವಾದದ್ದೇ ಸಾಕು ಎಂಬ ಮಾತು ಹೀಗೆ ಬಿದ್ದುಹೋಯಿತು. ಹೃದಯದ ಬಡಿತ ತಪ್ಪುವುದು, ರಕ್ತಸ್ರಾವ ಈ ಮಾತ್ರೆಯ ತೊಂದರೆಗಳು. ಹಿರಿಯರಲ್ಲಿ ಇವುಗಳ ಮೇಲೆ ಕಣ್ಣಿಡಬೇಕು.

2016ರಲ್ಲಿ ಸಿ.ಎಲ್.ಎಲ್. ರೋಗಕ್ಕೆ ರೂಪಿಸಿದ ಅಂತರರಾಷ್ಟ್ರೀಯ ಲೆಕ್ಕದಲ್ಲಿ 65 ದಾಟಿದ್ದಕ್ಕೆ ಒಂದು ಅಂಕ. ಟಿ.ಪಿ.53 ಎಂಬ ಜೀನಿನ ದೋಷಕ್ಕೆ ನಾಲ್ಕು ಅಂಕ. ಪ್ರಾಯಕ್ಕಿಂತ ರೋಗದ ಸ್ವಭಾವ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ. ಚಿಕಿತ್ಸೆ ಆರಂಭಿಸುವ ಮೊದಲು ಈ ಪರೀಕ್ಷೆಯ ಬಗ್ಗೆ ಕೇಳಿ.

ಈ ರೋಗಿಗಳಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ. ಬರಿಗಾಲಲ್ಲಿ ಕೆಸರಿಗೆ, ಹಟ್ಟಿಯ ಗೊಬ್ಬರಕ್ಕೆ ಇಳಿಯಬಾರದು. ಇಲಿಜ್ವರ ನಮ್ಮ ಕಡೆ ಸಾಮಾನ್ಯ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನ್ಯುಮೋನಿಯಾ ಮತ್ತು ಫ್ಲೂ ಲಸಿಕೆಗಳ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ಖರ್ಚಿನ ಮಾತು

ಅಂಗಳದ ತುದಿಯಲ್ಲಿ ಕೇಳಿದ ಪ್ರಶ್ನೆಯೊಳಗೆ ಹೇಳದೆ ಉಳಿದ ಮಾತು ಖರ್ಚಿನದ್ದು. ಅದನ್ನು ನಾವು ಕೀಳಾಗಿ ಕಾಣುವುದಿಲ್ಲ. ಇಮಾಟಿನಿಬ್‌ನ ಮೂಲ ಕಂಪೆನಿಯ ಮಾತ್ರೆಗೆ ಭಾರತದಲ್ಲಿ ಒಂದು ಕಾಲಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೀರಿದ ಬೆಲೆಯಿತ್ತು. ಭಾರತೀಯ ಕಂಪೆನಿಗಳು ತಯಾರಿಸಿದ ಅದೇ ಮದ್ದು ಅದರ ಹತ್ತನೆಯ ಒಂದು ಪಾಲಿಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಮೂಲ ಕಂಪೆನಿ ನೊವಾರ್ಟಿಸ್‌ನ ಪೇಟೆಂಟ್ ಕೋರಿಕೆಯನ್ನು ತಿರಸ್ಕರಿಸಿತು. ಇದರಿಂದ ಅಗ್ಗದ ಮಾತ್ರೆಗಳ ಬಾಗಿಲು ತೆರೆದೇ ಉಳಿಯಿತು.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಲ್ಲಿ ಈ ರೋಗಕ್ಕೆ ಚಿಕಿತ್ಸೆಯಿದೆ. 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸುವುದಾಗಿ ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ಚಾಲನೆ ನೀಡಿತು. ನಮ್ಮಂಥ ಗಡಿಯವರು ಒಂದು ಎಚ್ಚರ ವಹಿಸಬೇಕು. ಕಾರ್ಡು ಯಾವ ರಾಜ್ಯದ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಮನೆಯಲ್ಲಿ ತಿನ್ನುವ ಮಾತ್ರೆಗೂ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಕೊಂಡು ಹೊರಡಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನು ನಂಬಿದ್ದ ರೋಗಿಗಳು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ.

ನೆನಪಿಡಬೇಕಾದ ಅಂಶಗಳು

1. ಕಾರಣವಿಲ್ಲದ ಸುಸ್ತು, ತೂಕ ಇಳಿಕೆ, ರಾತ್ರಿ ಬೆವರು, ಎಡಪಕ್ಕೆಯ ಕೆಳಗೆ ಭಾರ, ಕುತ್ತಿಗೆಯ ಗಂಟು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. "ಪ್ರಾಯ ಆಯಿತಲ್ಲ, ಹಾಗೇ" ಎನ್ನಬೇಡಿ.

2. ಯಾವ ಬಗೆಯ ಲ್ಯುಕೇಮಿಯಾ ಎಂದು ಹೆಸರು ಕೇಳಿ ಬರೆದುಕೊಳ್ಳಿ. ಚಿಕಿತ್ಸೆ, ಖರ್ಚು, ಭರವಸೆ ಎಲ್ಲವೂ ಅದರ ಮೇಲೆ ನಿಂತಿದೆ.

3. ಸಿ.ಎಂ.ಎಲ್. ರೋಗಿಗಳಿಗೆ ಜೋಡಿ ಜೀನಿನ ಪ್ರಮಾಣ ಮೂರು ತಿಂಗಳಲ್ಲಿ ಶೇಕಡಾ 10ಕ್ಕೆ, ಆರು ತಿಂಗಳಲ್ಲಿ ಶೇಕಡಾ 1ಕ್ಕೆ, ಒಂದು ವರ್ಷದಲ್ಲಿ ಶೇಕಡಾ 0.1ಕ್ಕೆ ಇಳಿಯಬೇಕು. ಮೈ ಚೆನ್ನಾಗಿದೆ ಎಂಬುದು ಈ ಪರೀಕ್ಷೆಗೆ ಬದಲಿ ಅಲ್ಲ.

4. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು, ಅರ್ಧ ಮಾಡುವುದು ಬೇಡ.

5. ತೀರ್ಮಾನ ಮಾಡುವಾಗ ರೋಗಿಯನ್ನೂ ಕೂರಿಸಿಕೊಂಡು ಮಾತಾಡಿ.

ಈ ಕೊನೆಯ ಅಂಶವನ್ನು ಬರೆಯಲು ಕಾರಣವಿದೆ. ಅಂದು ಮಗನ ಪ್ರಶ್ನೆಗೆ ನಾವು, "ಅಪ್ಪನಲ್ಲಿಯೇ ಕೇಳುವ" ಎಂದೆವು. ಜಗಲಿಯಲ್ಲಿದ್ದ ಹಿರಿಯರು ಎಲ್ಲವನ್ನೂ ಊಹಿಸಿಕೊಂಡಿದ್ದರು. "ದಿನಕ್ಕೊಂದು ಮಾತ್ರೆ ತಾನೇ? ಬಿ.ಪಿ.ಗೆ ತಿನ್ನುತ್ತೇನೆ, ಇದನ್ನೂ ತಿನ್ನುತ್ತೇನೆ" ಎಂದರು. ಮೂರು ವರ್ಷವಾಯಿತು. ಕಣ್ಣಿನ ಸುತ್ತ ಊತ ಉಂಟು, ಒಮ್ಮೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಕಡಿಮೆ ಮಾಡಿದ್ದಾರೆ. ತೋಟಕ್ಕೆ ಹೋಗುತ್ತಾರೆ. ಕಳೆದ ವರ್ಷ ಅಡಿಕೆ ಮರಗಳ ಬುಡಕ್ಕೆ ಹೊಸದಾಗಿ ಕರಿಮೆಣಸಿನ ಬಳ್ಳಿ ನೆಡಿಸಿದ್ದಾರೆ.

ಆ ಯುವಕ ಆರು ತಿಂಗಳ ಬಳಿಕ ಊದಿದ ಹೊಟ್ಟೆಯೊಂದಿಗೆ ಆಸ್ಪತ್ರೆಗೆ ಮರಳಿದ. ಮೊದಲಿನ ಮಾತ್ರೆ ಈಗ ಅವನಿಗೆ ಸಾಲುವುದಿಲ್ಲ. ಹೆಚ್ಚು ಬೆಲೆಯ ಬೇರೆ ಮಾತ್ರೆ ತಿನ್ನುತ್ತಿದ್ದಾನೆ. ದಿನ ತಪ್ಪಿಸುವುದಿಲ್ಲ. ಅವನ ಹೆಂಡತಿ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಗುರುತು ಹಾಕುತ್ತಾಳೆ.